ಫಿಯಟ್ಟಿಗೆ ಕಾಮೇಶ್ವರ ತಂದ ಚಕ್ರ

ಕಾಮೇಶ್ವರನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಕಾರಿನ ಬಗ್ಗೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಓಡಿಸುವವಳು ಹೆಂಡತಿ ಅನಸೂಯಾ. ಧಾರವಾಡದವಳು, ಅಣ್ಣನ ಜೀಪಿನಲ್ಲಿ ಡ್ರೈವಿಂಗ್ ಕಲಿತು, ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು, ಪಕ್ಕದ ಮೇಜಿನ ತೆಲುಗಿನ ಹುಡುಗ ಕಾಮೇಶ್ವರನನ್ನು ಮದುವೆಯಾಗಿ ಅಲ್ಲಿನ ಪಟಮಟ ಬಡಾವಣೆಯಲ್ಲೇ ನೆಲೆ ನಿಂತವಳು.

೧೯೯೧ರಲ್ಲಿ ಅನಸೂಯಾಳ ಮಾವ ತೀರಿಕೊಂಡು, ವಿಶಾಖಪಟ್ಟಣದ ಮನೆಯ ಮುಂದಿದ್ದ ಅವರ ಫಿಯಟ್ ಕಾರು ಇವರ ಪಾಲಿಗೆ ಬಂತು. ಸಮುದ್ರದ ಗಾಳಿ ಕುಡಿದು ಕುಡಿದು ಅದರ ರಿಮ್ಮುಗಳು ತುಕ್ಕು ಹಿಡಿದು ಹಪ್ಪಳದ ಹಾಗಾಗಿದ್ದವು. ನಾಲ್ಕೂ ಚಕ್ರ ಬದಲಾಯಿಸದೆ ವಿಜಯವಾಡದ ದಾರಿ ಹಿಡಿಯುವಂತಿರಲಿಲ್ಲ. ಅನಸೂಯಾ ಹಳೆ ಟೈರಿನ ಪಕ್ಕೆ ಒರೆಸಿ ಅಲ್ಲಿದ್ದ 5.20-14 ಎಂಬ ಅಳತೆ ಓದುತ್ತಿದ್ದಾಗಲೇ ಕಾಮೇಶ್ವರ ಊರಂಚಿನ ಗಾಜುವಾಕದಿಂದ ಆಟೋ ತುಂಬಾ ಚಕ್ರ ಹೇರಿಕೊಂಡು ಬಂದಿಳಿದ. ಬಂದರಿನ ಕಡೆಯಿಂದ ಬಂದ ಫಾರಿನ್ ಮಾಲಂತೆ. ಬೆಳ್ಳಿಯ ತಟ್ಟೆಯಂತೆ ಥಳಥಳಿಸುವ ರಿಮ್ಮು, ಅದರ ಸುತ್ತ ದಪ್ಪ ಹೊಟ್ಟೆಯ ಟೈರು.

“ಇವು ಹದಿನೈದು ಇಂಚಿನವು,” ಅಂದಳು ಅನಸೂಯಾ. “ನಮ್ಮದು ಹದಿನಾಲ್ಕು. ಟೈರಿನ ಮ್ಯಾಲೆ ಬರದಾರ ನೋಡ್ರಿ. ಮೊದಲಿಂದು ಅಗಲ, ಆಮ್ಯಾಲಿಂದು ರಿಮ್ಮು.”

“ಬೋಲ್ಟು ಕೂಡತಾವ ಅಂದ್ರ ಸೈಜು ಸರಿ ಅದ,” ಅಂದ ಕಾಮೇಶ್ವರ. ಅವನ ಕನ್ನಡವೆಲ್ಲ ಹೆಂಡತಿಯಿಂದ ಕಲಿತದ್ದು, ಹಟ ಮಾತ್ರ ಸ್ವಂತದ್ದು. “ಕಂಪನಿಯವರು ಬರಿಯೂದು ಕಡಿಮೆ ಅಂದ್ರ ಇಷ್ಟಿರಲಿ ಅಂತ. ಜಾಸ್ತಿ ಹಾಕಬ್ಯಾಡ ಅಂತ ಎಲ್ಲಿ ಬರದಾರ?”

ಬೋಲ್ಟುಗಳೇನೋ ಕೂತವು. ಕಾರು ಲಂಗ ಎತ್ತಿಕೊಂಡು ನೀರು ದಾಟುವ ಹೆಂಗಸಿನಂತೆ ಎದ್ದು ನಿಂತಿತು. ಹೊರಟ ಮೇಲೆ ಇನ್ನೊಂದು ವಿಚಿತ್ರ. ಮೀಟರು ತೋರಿಸುವ ವೇಗಕ್ಕಿಂತ ಕಾರು ಜೋರಾಗಿ ಹೋಗುತ್ತಿತ್ತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳು ಮೀಟರಿಗಿಂತ ಮುಂಚೆಯೇ ಬಂದುಬಿಡುತ್ತಿದ್ದವು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ನೆಲ ದಾಟುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ ಎಂದು ಅನಸೂಯಾಗೆ ತುನಿ ಎಂಬ ಊರು ದಾಟುವ ಹೊತ್ತಿಗೆ ಹೊಳೆಯಿತು. ಕಾಮೇಶ್ವರನಿಗೆ ಹೊಳೆದದ್ದೇ ಬೇರೆ.

“ನೋಡಿದ್ಯಾ, ದಾರಿ ಸಣ್ಣದಾಗೇದ,” ಎಂದು ಅವನು ಸೀಟಿಗೆ ಒರಗಿ ನಿದ್ದೆ ಹೋದ.

ಊರು ಸೇರಿದ ಮೇಲೆ ಗಂಡ ಹೆಂಡತಿ ಇಬ್ಬರೇ ಓಡಾಡುವಷ್ಟು ದಿನ ಕಾರು ತಕರಾರು ಮಾಡಲಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಎಲ್ಲೋ ಕೆರೆಯುತ್ತಿತ್ತು. ಅದು ಹೊಸ ರಬ್ಬರಿನ ಸದ್ದು ಎಂದು ಕಾಮೇಶ್ವರ ತೀರ್ಪು ಕೊಟ್ಟಿದ್ದ.

ಆ ಬೇಸಿಗೆಯಲ್ಲಿ ವಿಶಾಖಪಟ್ಟಣದಲ್ಲಿದ್ದ ಕಾಮೇಶ್ವರನ ಅಕ್ಕ ಲಕ್ಷ್ಮೀಕಾಂತಮ್ಮನ ಮಗ ಸೂರ್ಯಪ್ರಕಾಶನ ಮದುವೆ ಗೊತ್ತಾಯಿತು. ಹೆಣ್ಣಿನ ಮನೆ ಪಟಮಟದಲ್ಲೇ. ಬಿಡದಿ ಮನೆಯಿಂದ ಮದುವೆ ಮನೆಗೆ ವರನನ್ನು ಕರೆದೊಯ್ಯಲು ತಮ್ಮ ಕಾರೇ ಆಗಬೇಕೆಂದು ಕಾಮೇಶ್ವರ ಎಲ್ಲರೆದುರು ಘೋಷಿಸಿಬಿಟ್ಟ. ಲಕ್ಷ್ಮೀಕಾಂತಮ್ಮನಿಗೆ ಕಾರಿನ ಬಗ್ಗೆ ಆಕ್ಷೇಪವಿರಲಿಲ್ಲ.

“ಶುಭಕಾರ್ಯಕ್ಕೆ ಹೆಂಗಸು ಕಾರು ಓಡಿಸುವುದೇನಮ್ಮಾ?” ಎಂದಳು ತೆಲುಗಿನಲ್ಲಿ.

“ನಿಮ್ಮ ತಮ್ಮ ಓಡಿಸಿದರೆ ಶುಭವೂ ಇರುವುದಿಲ್ಲ, ಕಾರ್ಯವೂ ಇರುವುದಿಲ್ಲ ವದಿನಗಾರು,” ಎಂದಳು ಅನಸೂಯಾ, ಗಂಡನ ಅಕ್ಕನಿಗೆ ಅದೇ ತೆಲುಗಿನಲ್ಲಿ.

ಸಂಜೆ ಹೂವಿನಿಂದ ಅಲಂಕರಿಸಿದ ಕಾರು ಬ್ಯಾಂಡಿನ ಹಿಂದೆ ಹೊರಟಿತು. ಮುಂದೆ ಅನಸೂಯಾಳ ಪಕ್ಕ ಕಾಮೇಶ್ವರ. ಹಿಂದೆ ವರ, ಅವನ ತಾಯಿ, ಜೊತೆಗೆ ಯಾರ ಮಾತಿಗೂ ಇಳಿಯದ ಇಬ್ಬರು ಭಾರೀ ದೊಡ್ಡಪ್ಪಂದಿರು. ಮದುವೆ ಮನೆಯ ಬೀದಿಗೆ ತಿರುಗುವಲ್ಲಿ ಒಂದು ಮೋರಿ. ಅನಸೂಯಾ ಸ್ಟಿಯರಿಂಗ್ ತಿರುಗಿಸಿ ಮೋರಿ ಹತ್ತಿಸಿದಳು. ಭಾರಕ್ಕೆ ಹಿಂಭಾಗ ಕುಸಿಯಿತು, ಮಡ್‌ಗಾರ್ಡು ಟೈರಿನ ಮೇಲೆ ಕೂತಿತು. ಕರ್ರೆಂದು ಕಾರು ನಿಂತು, ಮಲ್ಲಿಗೆಯ ಪರಿಮಳದ ಜೊತೆ ಸುಟ್ಟ ರಬ್ಬರಿನ ವಾಸನೆ ಬಂತು. ಬ್ಯಾಂಡಿನವರು ಹಿಂದೆ ನೋಡದೆ ಬಾರಿಸುತ್ತ ಮುಂದೆ ಹೋಗಿಬಿಟ್ಟರು.

“ರಸ್ತೆ ಸರಿ ಇಲ್ಲ,” ಅಂದ ಕಾಮೇಶ್ವರ.

“ಮೊದಲು ನೀವು ಇಳೀರಿ,” ಅಂದಳು ಅನಸೂಯಾ. ದೊಡ್ಡಪ್ಪಂದಿರನ್ನೂ ಇಳಿಸಿದಳು. ಕಾರು ಒಂದಿಷ್ಟು ಮೇಲೆದ್ದಿತು, ಆದರೂ ಸಾಲದು. ಇನ್ನೊಬ್ಬರು ಇಳಿಯಬೇಕಿತ್ತು. ಅವಳು ನಾದಿನಿಯ ಕಡೆ ನೋಡಿದಳು.

“ಮಗನ ಮದುವೆಗೆ ನಾನು ಬೀದಿಯಲ್ಲಿ ನಡೆದು ಬರುವುದೇ?” ಎಂದು ಲಕ್ಷ್ಮೀಕಾಂತಮ್ಮ ಸೀಟಿನ ನಡುವಿಗೆ ಸರಿದು ಕೂತಳು.

ಸೂರ್ಯಪ್ರಕಾಶ ತಾಯಿಯನ್ನು ಬಲ್ಲವನು. “ಅತ್ತಾ, ನೀವು ಹೊರಡಿ. ನಾನೇ ನಡೆಯುತ್ತೇನೆ,” ಎಂದು ಅನಸೂಯಾಗೆ ಹೇಳಿ, ಬಾಸಿಂಗ ಸರಿಮಾಡಿಕೊಂಡು, ಪಂಚೆಯ ಚುಂಗು ಹಿಡಿದು ಇಳಿದೇಬಿಟ್ಟ.

ಹಗುರಾದ ಕಾರು ಮೋರಿ ದಾಟಿ ಚಪ್ಪರದ ಮುಂದೆ ನಿಂತಿತು. ಹೆಣ್ಣಿನ ಕಡೆಯವರು ಓಡಿಬಂದು ಬಾಗಿಲು ತೆರೆದು ಆರತಿ ಎತ್ತಿದರು. ಒಳಗೆ ವರನ ಬದಲು ವರನ ತಾಯಿ. ಕಣ್ಣು ಮುಚ್ಚಿ ಗಂಭೀರವಾಗಿ ಪೂರ್ತಿ ಆರತಿ ಬೆಳಗಿಸಿಕೊಂಡೇ ಅವಳು ಇಳಿದಳು. ಸ್ವಲ್ಪ ಹೊತ್ತಿಗೆ ವರ ಬೆವರುತ್ತ ಬಂದ. ಹಿಂದಿನಿಂದ ಕಾಮೇಶ್ವರ, ರಸ್ತೆಯ ದೋಷಗಳನ್ನು ದೊಡ್ಡಪ್ಪಂದಿರಿಗೆ ವಿವರಿಸುತ್ತ.

ಅನಸೂಯಾಗೆ ಬೈಯಬೇಕು ಅನಿಸಿತ್ತು. ಆದರೆ ಊಟದ ಎಲೆ ಮುಂದೆ ಅವನ ಮುಖ ನೋಡಿ ನಗು ಬಂದು, ಬೈಗುಳವೆಲ್ಲ ವ್ಯರ್ಥವಾಯಿತು. ಮುಂದಿನ ವಾರ ಹದಿನಾಲ್ಕರ ಸಾದಾ ರಿಮ್ಮು, ಮೊದಲಿನ ಅಳತೆಯ ಟೈರು ಹಾಕಿಸಿದಳು. ಜೊತೆಗೆ ಹೋದ ಕಾಮೇಶ್ವರ ಟೈರಿನ ಮೇಲೆ ಬರೆದದ್ದನ್ನು ಎರಡು ಸಲ ಓದಿದ.

ಆಮೇಲೆ ಬ್ಯಾಂಕಿನಲ್ಲಿ ಯಾರು ಚಕ್ರ ಬದಲಾಯಿಸುವುದಿದ್ದರೂ ಅವಳನ್ನು ಕೇಳುತ್ತಿದ್ದರು. “ರಿಮ್ಮು ದೊಡ್ಡದು ಬೇಕಂದ್ರ ಸುತ್ತಿನ ರಬ್ಬರು ಅಷ್ಟ ತೆಳ್ಳಗಿರಬೇಕು, ಒಟ್ಟು ಎತ್ತರ ಮೊದಲಿನಷ್ಟ ಇರಬೇಕು,” ಎನ್ನುತ್ತಿದ್ದಳು. “ಅಂಥಾದ್ದು ಸಿಗಲಿಲ್ಲಂದ್ರ ಇದ್ದದ್ದ ಹಾಕ್ರಿ. ಹಾಕಿದ ಮ್ಯಾಲೆ ಹಿಂದ ನಾಕು ಮಂದಿ ಕೂಡಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡ್ರಿ.”

ವಿಶಾಖಪಟ್ಟಣದಲ್ಲಿ ಲಕ್ಷ್ಮೀಕಾಂತಮ್ಮ ಹೇಳುತ್ತಿದ್ದುದು ಬೇರೆ. ಬೀಗರು ಬಹಳ ಮರ್ಯಾದಸ್ತರಂತೆ, ವರನಿಗಿಂತ ಮೊದಲು ತನಗೆ ಆರತಿ ಎತ್ತಿದರಂತೆ.