ಎಡೆಗೆ ಸೀರೆಯೋ ಪಂಚೆಯೋ

ನಾನು ಓದಿದ್ದು ಹುಣಸೂರಿನ ಸ್ಕೂಲಿನಲ್ಲಿ, ಅದೂ ಅರ್ಧಕ್ಕೆ. ಅಪ್ಪ ತೀರಿಕೊಂಡ ವರ್ಷ ಮಳೆ ಬೇಗ ಹಿಡಿಯಿತು. ಮನೆಯಲ್ಲಿ ನೇಗಿಲು ಹಿಡಿಯುವ ಗಂಡಸರು ಬೇರೆ ಇರಲಿಲ್ಲ. ಸ್ಲೇಟನ್ನು ಗೂಡಿನಲ್ಲಿಟ್ಟು ಹೊಲಕ್ಕೆ ಹೋದವನು ಮತ್ತೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ನಾನು ಉತ್ತ ಸಾಲು ಡೊಂಕಾಗಿದೆ ಎಂದು ಇಂದಿನವರೆಗೆ ಯಾರೂ ಬೆರಳು ತೋರಿಸಿಲ್ಲ.

ತಮ್ಮ ನನಗಿಂತ ಬಹಳ ಚಿಕ್ಕವನು. ಅಪ್ಪ ಹೋದಾಗ ಅವನಿನ್ನೂ ಅವ್ವನ ಸೆರಗು ಹಿಡಿದು ಓಡಾಡುತ್ತಿದ್ದ. ಅವನನ್ನು ಹೊಲಕ್ಕೆ ಇಳಿಸಕೂಡದು, ಓದಿಸಿಯೇ ತೀರಬೇಕು ಎಂದು ನಾನು ಆವತ್ತೇ ಗಟ್ಟಿ ಮಾಡಿಕೊಂಡೆ. ಓದಿಸಿದೆ. ಊರಿನದು ಮುಗಿಯಿತು, ಹುಣಸೂರಿನದು ಮುಗಿಯಿತು, ಮೈಸೂರಿಗೆ ಹೋದ, ಇಂಟರ್‌ಮೀಡಿಯೆಟ್ ಪಾಸು ಮಾಡಿದ. ಆಮೇಲೆ ಡಾಕ್ಟರ ಓದಿಗೆ ಸೇರಿದ. ನಮ್ಮೂರಿರುವುದು ಬಿಳಿಕೆರೆಯಿಂದ ಒಳಕ್ಕೆ, ಲಕ್ಷ್ಮಣತೀರ್ಥ ಹೊಳೆಯ ಕಡೆಗೆ. ಅವನನ್ನು ಬಸ್ಸು ಹತ್ತಿಸಿದ ದಿನ ಬಿಳಿಕೆರೆಯ ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಇನ್ನು ಮುಂದೆ ಜ್ವರ ಬಂದವರು ಗಾಡಿ ಕಟ್ಟಿಕೊಂಡು ಹುಣಸೂರಿಗೆ ಹೋಗುವುದು ಬೇಡ, ನಮ್ಮ ಮನೆ ಜಗಲಿಗೆ ಬಂದರೆ ಸಾಕು ಎಂದು ನಾಲ್ಕು ಜನರ ಮುಂದೆ ಹೇಳಿದೆ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನ ಜಾಯಮಾನದಲ್ಲಿ ಇಲ್ಲ.

ಮೊದಮೊದಲು ಅವನು ರಜಕ್ಕೆ ಬಂದರೆ ಮನೆಯಲ್ಲಿ ನಗು ಇರುತ್ತಿತ್ತು. ರಸಾಯನಶಾಸ್ತ್ರ ಎಂದರೆ ಅವನಿಗೆ ಪ್ರಾಣ. ಬೆರಳ ತುದಿಗಳೆಲ್ಲ ಹಳದಿಯಾಗಿರುತ್ತಿದ್ದವು. ಬೀಡಿ ಸೇದಲು ಕಲಿತಿದ್ದಾನೆ ಎಂದು ನಾನು ಗದರಿಸಿದೆ. ಅದು ಪ್ರಯೋಗದ ಆಸಿಡ್ಡು ಬಿದ್ದ ಕಲೆ ಎಂದ. ಒಂದು ಸಲ ಅರಿಸಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡಿದ, ಅದಕ್ಕೆ ಹುಣಿಸೆ ಹುಳಿ ಹಿಂಡಿ ಮತ್ತೆ ಹಳದಿ ಮಾಡಿದ, ಯಾಕೆ ಹಾಗಾಗುತ್ತದೆ ಎಂದು ಕಣ್ಣರಳಿಸಿ ವಿವರಿಸಿದ. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಆರತಿ ನೀರು ಮಾಡಾದ್ ಕಲಿಯಾಕೆ ಮೈಸೂರ್ಗಂಟ ಹೋಗ್ಬೇಕಿತ್ತಾ ಮಗ? ನಾನೇ ಹೇಳ್ಕೊಡ್ತಿದ್ನಲ್ಲ," ಎಂದಳು. ಅವನೂ ನಕ್ಕ.

ಹೆಣದ ಓದು ಶುರುವಾದ ಮೇಲೆ ಆ ನಗು ನಿಂತಿತು. ಮೈಯೊಳಗೆ ಎಲ್ಲಿ ಏನಿದೆ ಎಂಬುದನ್ನು ಕುಯ್ದು ನೋಡಿ ಕಲಿಯಬೇಕು, ಮೂಳೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಅದರ ಉಬ್ಬು ತಗ್ಗುಗಳ ಹೆಸರು ಬಾಯಿಪಾಠ ಮಾಡಬೇಕು. ಅವನು ಬಂದರೆ ಬಟ್ಟೆಗಳಲ್ಲಿ ಎಂಥದೋ ಮದ್ದಿನ ವಾಸನೆ. ಅವ್ವ ಅವನ್ನು ಬೇರೆಯಾಗಿ ಅಂಟುವಾಳದ ಕಾಯಲ್ಲಿ ಒಗೆದರೂ ಹೋಗುತ್ತಿರಲಿಲ್ಲ. ಸಾರಿನಲ್ಲಿ ಮೂಳೆ ಕಂಡರೆ ತಟ್ಟೆ ಸರಿಸಿ ಏಳುತ್ತಿದ್ದ. ಹೆಣ ಮುಟ್ಟಿ ಬರುವವನೆಂದು ಅವ್ವ ಹಿತ್ತಲಲ್ಲೇ ತಲೆಗೆ ನೀರು ಹುಯ್ದು ಒಳಗೆ ಕರೆದುಕೊಳ್ಳುತ್ತಿದ್ದಳು. ಕಾಫಿ ಹೋಟೆಲಿನವನಿಗೆ ಈ ಸುದ್ದಿ ಹೇಗೋ ಮುಟ್ಟಿತು. ನಿಮ್ಮ ತಮ್ಮ ಸತ್ತವರನ್ನು ಕುಯ್ಯುತ್ತಾನಂತೆ, ಬದುಕಿದವರನ್ನು ಯಾವಾಗ ನೋಡುತ್ತಾನೆ ಎಂದು ನಾಲ್ಕು ಜನರಿದ್ದಾಗ ಕೇಳಿದ.

"ಮೊದ್ಲು ನಿನ್ನೇ ನೋಡ್ಲಿ ಅಂತ ಹೇಳಿವ್ನಿ. ನಾಲ್ಗೆ ಯಾಕಿಷ್ಟುದ್ದ ಅಂತ ಕುಯ್ದ್ ನೋಡ್ತಾನೆ," ಎಂದೆ. ಬೆಂಚಿನವರು ನಕ್ಕರು. ನಾನೂ ನಕ್ಕೆ. ಆದರೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಎರಡನೆಯ ವರ್ಷದ ದಸರಾ ರಜಕ್ಕೆ ಅವನು ಒಂದು ತಗಡಿನ ಟ್ರಂಕು ಹೊತ್ತು ಬಂದ. ಪುಸ್ತಕ ಎಂದು ಅವ್ವನಿಗೆ ಹೇಳಿ ಅಟ್ಟದ ಮೇಲೆ ಗೋಣಿಚೀಲಗಳ ಹಿಂದೆ ಇಟ್ಟ. ನನಗೆ ಮಾತ್ರ ನಿಜ ಹೇಳಿದ. ಅದರಲ್ಲಿದ್ದದ್ದು ಮನುಷ್ಯರ ಮೂಳೆ, ಅರ್ಧ ಮೈಯದು. ಹುಡುಗರು ಓದು ಮುಗಿಸಿದ ಮೇಲೆ ಅವನ್ನು ಕೆಳಗಿನ ತರಗತಿಯವರಿಗೆ ಕೊಟ್ಟು ಹೋಗುವುದು ವಾಡಿಕೆಯಂತೆ. ಹಾಗೆ ಇವನ ಪಾಲಿಗೆ ಬಂದದ್ದು. ಬೇಸಿಗೆಗೆ ದೊಡ್ಡ ಪರೀಕ್ಷೆ. ಅದು ದಾಟದಿದ್ದರೆ ಮುಂದಿನ ಓದಿಲ್ಲ.

ಮಾರನೆಯ ದಿನ ನಾನು ಹುರುಳಿ ಬಿತ್ತನೆಗೆ ಉಳುತ್ತಿದ್ದೆ. ಅವನು ಬದುವಿನ ಮೇಲೆ ಬಂದು ಕುಳಿತ. ಎತ್ತು ತಿರುಗಿಸಿಕೊಂಡು ಅವನಿದ್ದ ಕಡೆಗೆ ಬರುವವರೆಗೂ ಕಾದು, ಹೇಳಿದ.

"ಬುಟ್ಬುಡ್ತೀನಿ ಕಣಣ್ಣ."

"ಏನ?"

"ಓದ್ನ. ಬರೀ ಕೆಮಿಸ್ಟ್ರಿ ಆಗಿದ್ರೆ ಎಷ್ಟ್ ವರ್ಷ ಬೇಕಾದ್ರೂ ಓದ್ತಿದ್ದೆ. ಮೇಷ್ಟ್ರು ಮೂಳೆ ಕೈಗ್ ಕೊಟ್ಟು ಕೇಳಿದ್ರೆ ನಂಗೆ ಗೊತ್ತಿರೋದೂ ಬಾಯ್ಗ್ ಬರಾಕಿಲ್ಲ. ಕೈ ನಡುಗ್ತದೆ. ನಿನ್ ಜೊತೆ ಉಳ್ತೀನಿ."

"ಉಳಾಕೆ ನಾನಿವ್ನಿ ಕಣ್ಲಾ. ಈ ಮನೆಗೆ ಇನ್ನೊಬ್ಬ ಉಳೋನು ಬೇಕಾಗಿಲ್ಲ."

ನಾನು ಎತ್ತು ಹೊಡೆದೆ. ಉಳುವ ಎತ್ತು ಸಾಲಿನ ಮಧ್ಯೆ ನಿಲ್ಲುವ ಹಾಗಿಲ್ಲ. ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ನಾನು ಹಾಗೆಯೇ ಬದುಕಿದವನು. ಅವನನ್ನು ಹಿಡಿದಿಟ್ಟದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಹಗ್ಗ ಹಿಡಿದವನ ಕೈಯೂ ಅದಕ್ಕೇ ಕಟ್ಟಿಕೊಂಡಿರುತ್ತದೆ ಎನ್ನುವುದು ಅವನಿಗೆ ಹೊಳೆದಿರಲಾರದು.

ಮಹಾಲಯ ಅಮಾವಾಸ್ಯೆ ಹತ್ತಿರವಾಗಿತ್ತು. ನಮ್ಮ ಕಡೆ ಆ ದಿನ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ: ಗಂಡಸಾಗಿ ಹೋದವರಿಗೆ ಪಂಚೆ, ಹೆಂಗಸಾಗಿ ಹೋದವರಿಗೆ ಸೀರೆ. ಎಡೆಗೆ ಬೇಕಾದ ಹಿತ್ತಾಳೆ ಪಾತ್ರೆ ಇಳಿಸಲೆಂದು ಅವ್ವ ಅಟ್ಟ ಹತ್ತಿದ್ದಾಳೆ. ಟ್ರಂಕು ಅಡ್ಡ ಸಿಕ್ಕಿದೆ. ಎತ್ತಿದರೆ ಒಳಗೆ ಏನೋ ಉರುಳಿದೆ.

ನಾವಿಬ್ಬರೂ ಹೊಲದಿಂದ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಟ್ರಂಕನ್ನು ಬಿಚ್ಚಿ ನೋಡಿದರು, ಆಮೇಲೆ ಅರಿಸಿನ ಕುಂಕುಮ, ತೆಂಗಿನಕಾಯಿ ಸೆರಗಿಗೆ ಕಟ್ಟಿಕೊಂಡು ಟ್ರಂಕನ್ನು ತಲೆಯ ಮೇಲೆ ಹೊತ್ತು ಹೊಳೆ ಕಡೆ ಹೋದರು ಎಂದಳು. ತಡೆಯಲು ಅವಳಿಗೆ ಧೈರ್ಯವಾಗಿರಲಿಲ್ಲ.

ನಾನು ಓಡಿದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ತಮ್ಮ ನಡೆದು ಬರುತ್ತಿದ್ದ. ಬೇಗ ಬಾ ಎಂದು ಕೂಗಿದೆ. ಅವನು ಹೆಜ್ಜೆ ಹೆಚ್ಚಿಸಲಿಲ್ಲ. ಮೂಳೆ ನೀರಿಗೆ ಬಿದ್ದರೆ ಇವನು ಓದು ಬಿಡಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ನನಗೂ ಅರ್ಥವಾಯಿತು, ನನಗೆ ಅರ್ಥವಾಯಿತೆಂದು ಅವನಿಗೂ ಅರ್ಥವಾಯಿತು.

ಅವ್ವ ಹೊಳೆಯ ಕಲ್ಲಿನ ಮೇಲೆ ಕುಳಿತಿದ್ದಳು. ಟ್ರಂಕು ಪಕ್ಕದಲ್ಲಿತ್ತು, ಬಾಯಿ ತೆಗೆದೇ ಇತ್ತು. ಅವಳು ಸ್ನಾನ ಮಾಡಿದ್ದಳು. ಒದ್ದೆ ಸೀರೆಯಿಂದ ನೀರು ಇಳಿಯುತ್ತಿತ್ತು. ಕಾಯಿ ಇನ್ನೂ ಒಡೆದಿರಲಿಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ತಮ್ಮ ಹತ್ತಿರ ಬಂದು ನಿಲ್ಲುವವರೆಗೂ ಕಾದಳು.

"ಬುಡಾನ ಅಂತ್ಲೇ ಬಂದೆ ಮಗ. ಅಮಾಸೆಗೆ ಎಡೆ ಇಡ್ಬೇಕಲ್ಲ. ಇದು ಗಂಡೋ ಹೆಣ್ಣೋ ಗೊತ್ತಾಗ್ದೆ ಕುಂತ್ಕಂಡಿವ್ನಿ. ಸೀರೆ ಇಡನಾ, ಪಂಚೆ ಇಡನಾ?"

ನಾನು ತಮ್ಮನ ಮುಖ ನೋಡಿದೆ. ಗೊತ್ತಿಲ್ಲ ಅವ್ವ ಎಂದಿದ್ದರೆ ಸಾಕಿತ್ತು. ಯಾವುದೋ ಒಂದು ಇಡೋಣ ಬಿಡು ಎಂದು ಅವಳೂ ಕೊನೆಗೆ ಒಪ್ಪುತ್ತಿದ್ದಳೇನೋ. ಕಾಯಿ ಒಡೆದು, ಮೂಳೆ ಬಿಟ್ಟು, ಮೂವರೂ ಮನೆಗೆ ಬರುತ್ತಿದ್ದೆವು. ಅವನು ಕೆಳಗೆ ಕುಕ್ಕರಗಾಲಲ್ಲಿ ಕುಳಿತ. ಟ್ರಂಕಿನೊಳಗೆ ಕೈ ಹಾಕಿ ಸೊಂಟದ ಮೂಳೆ ತೆಗೆದ. ಹಿಂದುಗಡೆ ಅದಕ್ಕೊಂದು ಕಚ್ಚು ಇರುತ್ತದೆ, ಕುಡುಗೋಲಿನ ಬಾಗಿನ ಹಾಗೆ. ಅದರಲ್ಲಿ ಹೆಬ್ಬೆಟ್ಟು ಇಟ್ಟು ಅತ್ತ ಇತ್ತ ಆಡಿಸಿದ. ಕೈ ನಡುಗುತ್ತಿರಲಿಲ್ಲ.

"ಹೆಣ್ಣು ಕಣವ್ವ. ಗಂಡಸಾಗಿದ್ರೆ ಬೆಟ್ಟು ಇಂಗ್ ಆಡ್ತಿರ್ಲಿಲ್ಲ, ಬಿಗಿಯಾಗ್ ಕುಂತ್ಬುಡ್ತಿತ್ತು." ಮತ್ತೆ ತೊಡೆಯ ಮೂಳೆ ತೆಗೆದು ತುದಿಯನ್ನು ಸವರಿದ. "ವಯಸ್ಸಾಗಿರ್ಲಿಲ್ಲ. ಬೆಳೆದ್ ಮುಗ್ದು ಸ್ವಲ್ಪ ವರ್ಷ ಆಗಿತ್ತು, ಅಷ್ಟೇಯ."

"ಮಕ್ಳಾಗಿದ್ವಾ?"

"ಅದ್ನ ಹೇಳಾಕಾಗಲ್ಲ ಅವ್ವ."

ಅವ್ವ ಆ ಮೂಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಯಾವೂರಿನವಳೋ, ಯಾವ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಳೋ, ಕೇಳುವವರು ಯಾರೂ ಬರದೆ ಇಲ್ಲಿಗೆ ಬಂದಿದ್ದಾಳೆ ಎಂದಳು. ಬೇರೆ ಯಾವುದರಲ್ಲಾದರೂ ಓದಿಕೋ, ಇವಳನ್ನು ಬಿಟ್ಟುಬಿಡೋಣ ಎಂದು ತಮ್ಮನನ್ನು ಕೇಳಿದಳು.

ತಮ್ಮ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ.

"ಇವಳ್ನ ಬುಟ್ರೆ ಇನ್ನೊಬ್ರುನ್ನ ತರ್ಬೇಕಾಯ್ತದೆ ಅವ್ವ. ಅವ್ರೂ ಯಾರ್ದೋ ಮನೆಯೋರೇಯ."

ಇದು ಸುಳ್ಳಲ್ಲ. ಅವ್ವ ಹರಿಯುವ ನೀರನ್ನೂ ಮಡಿಲಿನ ಮೂಳೆಯನ್ನೂ ನೋಡಿದಳು. ಆಮೇಲೆ ಮೂಳೆಗೆ ಅರಿಸಿನ ಕುಂಕುಮ ಇಟ್ಟು ಟ್ರಂಕಿನಲ್ಲಿ ಮಲಗಿಸಿ ಮುಚ್ಚಿದಳು. ಓದು ಮುಗಿಯುವವರೆಗೆ ಇರಲಿ, ಆದರೆ ಮುಗಿದ ಮೇಲೆ ಯಾರ ಕೈಗೂ ದಾಟಿಸಕೂಡದು, ಇದೇ ಹೊಳೆಗೆ ತಂದು ಬಿಡಬೇಕು ಎಂದಳು. "ನೀನ್ ಎಷ್ಟ್ ಬೇಗ ಮುಗ್ಸಿದ್ರೆ ಅವ್ಳಿಗೆ ಅಷ್ಟ್ ಬೇಗ ದಾರಿ ಆಯ್ತದೆ. ಅವಳ್ನ ಕಾಯಿಸ್ಬ್ಯಾಡ ಮಗ." ಇಬ್ಬರನ್ನೂ ನೀರಿಗಿಳಿಸಿ ಮುಳುಗು ಹಾಕಿಸಿದಳು. ನೀರಿನಿಂದ ಎದ್ದಾಗ ತಮ್ಮ ನನ್ನನ್ನೊಮ್ಮೆ ನೋಡಿದ. ಸಿಟ್ಟಿನ ನೋಟವಲ್ಲ. ಕೊಟ್ಟಿಗೆಯ ಬಾಗಿಲು ಹಾಕುವಾಗ ಎತ್ತು ನೋಡುತ್ತದಲ್ಲ, ಹಾಗೆ.

ಒದ್ದೆ ಬಟ್ಟೆಯಲ್ಲಿ ಮೂವರೂ ಊರು ಹೊಕ್ಕೆವು. ಅರಳಿಕಟ್ಟೆಯ ಮುದುಕ ನಮ್ಮ ತಲೆ ನೋಡಿ, ಯಾರು ಹೋದರು ಎಂದು ವಿಚಾರಿಸಿದ.

"ನಮ್ಮೋಳೇ ಒಬ್ಳು," ಎಂದಳು ಅವ್ವ.

ಆ ಅಮಾವಾಸ್ಯೆಗೆ ಅಪ್ಪನ ಎಲೆ, ಅಜ್ಜನ ಎಲೆಗಳ ಪಕ್ಕ ಇನ್ನೊಂದು ಎಲೆ ಬಿತ್ತು. ಅದರ ಮುಂದೆ ಹಸಿರು ಸೀರೆ, ಬಳೆ. ಅವಳಿಗೆ ಏನು ಇಷ್ಟವೋ ತಿಳಿಯದೆ ಅವ್ವ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿದ್ದಳು. ಟ್ರಂಕು ಅಟ್ಟ ಬಿಟ್ಟು ನಡುಮನೆಯ ಮೂಲೆಗೆ ಬಂತು. ಬೆಳಿಗ್ಗೆ ಹೊಸಿಲಿಗೆ ಕುಂಕುಮ ಇಡುವಾಗ ಅವ್ವ ಟ್ರಂಕಿಗೂ ಇಡುತ್ತಿದ್ದಳು. ತಮ್ಮ ಅದರ ಮುಂದೆ ಕುಳಿತು ಓದುತ್ತಿದ್ದ. ಓದು ನಿಂತು ಅವನು ಸುಮ್ಮನೆ ಹೊರಗೆ ನೋಡುತ್ತಾ ಕುಳಿತರೆ ಅವ್ವ ಒಲೆಯ ಮುಂದಿನಿಂದ ಕತ್ತು ಚಾಚುತ್ತಿದ್ದಳು. ಟ್ರಂಕಿನ ಕಡೆ ಒಮ್ಮೆ ನೋಡಿ ಮತ್ತೆ ಒಲೆ ಊದುತ್ತಿದ್ದಳು. ಅವನು ಪುಸ್ತಕದ ಕಡೆ ತಿರುಗುತ್ತಿದ್ದ. ನನ್ನ ಗದರಿಕೆಗಿಂತ ಅದು ಬಿಗಿಯಾದ ಹಗ್ಗ.

ಮೈಸೂರಿಗೆ ಹೋದ ಮೇಲೂ ಆ ಹಗ್ಗ ಅವನನ್ನು ಬಿಡಲಿಲ್ಲವಂತೆ. ಜೊತೆಯ ಹುಡುಗರು ಕುಂಕುಮದ ಟ್ರಂಕು ನೋಡಿ, ನಿಮ್ಮ ಮನೆದೇವರಿಗೆ ಇವತ್ತು ಪೂಜೆಯಾಯಿತೇ ಎಂದು ರೇಗಿಸುತ್ತಿದ್ದರಂತೆ. ಅವನು ಕುಂಕುಮ ಒರೆಸಲಿಲ್ಲ. ಮೂಳೆಗಳನ್ನು ಮುಟ್ಟಲು ಮೊದಲಿನ ಹೆದರಿಕೆ ಹೋಯಿತು, ಆದರೆ ಪ್ರೀತಿಯೇನೂ ಬರಲಿಲ್ಲ ಎಂದು ಸಂಕ್ರಾಂತಿಗೆ ಬಂದಾಗ ನನಗೆ ಹೇಳಿದ. ಮಲಗಿದರೆ ಒಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಮಲಗಿದಂತೆ ಆಗುತ್ತದೆ ಎಂದ. ಹಾಗಾದರೆ ಮಲಗಬೇಡ, ಓದು ಎಂದೆ.

ಬೇಸಿಗೆಯ ಪರೀಕ್ಷೆ ದಾಟಿದ. ಕೆಳಗಿನ ತರಗತಿಯ ಹುಡುಗರು ಟ್ರಂಕಿಗೆ ದುಂಬಾಲು ಬಿದ್ದರಂತೆ, ಕೊಡಲಿಲ್ಲ. ಮುಂದಿನ ಮಹಾಲಯಕ್ಕೆ ಅದನ್ನು ಹೊತ್ತು ತಂದ. ಹೊಳೆಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ಅವ್ವನೇ ಒಂದೊಂದಾಗಿ ಬಿಟ್ಟಳು. ಸೊಂಟದ ಮೂಳೆಯನ್ನು ತಮ್ಮನ ಕೈಗೆ ಕೊಟ್ಟಳು. ಅವನು ಅದರ ಕಚ್ಚಿನಲ್ಲಿ ಇನ್ನೊಮ್ಮೆ ಹೆಬ್ಬೆಟ್ಟು ಇಟ್ಟು ನೋಡಿ ಬಿಟ್ಟ. ನೀರು ಕಾವೇರಿಯ ಕಡೆಗೆ ಹೋಗುತ್ತಿತ್ತು. ಅವ್ವನ ತವರು ಸಾಲಿಗ್ರಾಮದ ಕಡೆ, ಅದೂ ಕಾವೇರಿಯ ದಂಡೆಯೇ. ತನ್ನ ತವರಿನ ಹೊಳೆಗೇ ಸೇರುತ್ತಾಳಲ್ಲ ಎಂಬ ಅಷ್ಟು ಸಮಾಧಾನ ಅವ್ವನಿಗೆ ಸಾಕಾಯಿತು. ಮನೆಗೆ ಬಂದು ಆ ಹಸಿರು ಸೀರೆಯನ್ನು ತಾನೇ ಉಟ್ಟಳು.

ರಜ ಮುಗಿದ ದಿನ ಅವನನ್ನು ಬಿಳಿಕೆರೆಗೆ ಕರೆತಂದೆ. ಹೊಸ ಪುಸ್ತಕಗಳಿಗೆ ಬೇಕೆಂದು ಟ್ರಂಕನ್ನು ಅವನೇ ಹೊತ್ತು ಬಂದಿದ್ದ. ಇನ್ನು ಮೇಲೆ ಹೆಣವಿಲ್ಲ, ಆಸ್ಪತ್ರೆಯಲ್ಲಿ ರೋಗಿಗಳ ಮಧ್ಯೆ ಓದು. ಕಾಫಿ ಹೋಟೆಲಿನವನು ಡಾಕ್ಟರೇ ಎಂದು ಕರೆದು ಬೆಂಚು ಒರೆಸಿದ. ತಮ್ಮ ಕೂರಲಿಲ್ಲ. ಬಸ್ಸಿನ ಹೊಗೆ ದೂರದಲ್ಲಿ ಕಂಡಿತು.

"ಅವಳೇನೋ ಹೋದ್ಳು ಬುಡಣ್ಣ," ಎಂದ.

ಅವನು ಇನ್ನೂ ಏನೋ ಹೇಳುವವನಿದ್ದ. ಏನು ಎಂದು ನನಗೆ ಗೊತ್ತಿತ್ತು. ವರ್ಷದ ಹಿಂದೆ ಬದುವಿನ ಮೇಲೆ ಕುಳಿತು ಕೇಳಿದ್ದನ್ನೇ ಕೇಳುತ್ತಿದ್ದ. ಹೋಟೆಲಿನವನು ಕಿವಿ ಇಟ್ಟು ನಿಂತಿದ್ದ.

"ಬಸ್ ಬಂತು, ಹತ್ತು," ಎಂದೆ. ಟ್ರಂಕನ್ನು ಮೇಲಕ್ಕೆ ಕೊಡಲು ಹಳೆಯ ಭಾರದ ಲೆಕ್ಕದಲ್ಲೇ ಮೈ ಬಿಗಿ ಹಿಡಿದು ಎತ್ತಿದೆ. ಒಳಗೆ ಏನೂ ಇರಲಿಲ್ಲ. ಅದು ಕೈ ಮೀರಿ ಮೇಲೆದ್ದು ಬಸ್ಸಿನ ತಗಡಿಗೆ ಬಡಿಯಿತು.