ಹಿಂದಿನ ಸಾಲಿನಲ್ಲಿ ಕೂರುವವರು

ನಮ್ಮ ಮನೆಗೊಂದು ಗಾಡಿ ತರಬೇಕು ಎಂಬ ಮಾತು ಶುರುವಾದದ್ದು ಎರಡು ಸಾವಿರದ ಇಸವಿಯ ಆಚೀಚೆ. ಆಗ ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆಯ ಮಿಲ್ಲಿತ್ತು. ಮಾವ ಮತ್ತು ಅವರ ಇಬ್ಬರು ಗಂಡುಮಕ್ಕಳು ಸೇರಿ ಅದನ್ನು ನಡೆಸುತ್ತಿದ್ದರು. ಆ ಇಬ್ಬರಲ್ಲಿ ದೊಡ್ಡವರು ನಮ್ಮ ಭಾವ, ಚಿಕ್ಕವರು ನಮ್ಮ ಮನೆಯವರು. ಮಿಲ್ಲಿನ ಹಿಂದೆಯೇ ಮನೆ, ಎಲ್ಲರಿಗೂ ಒಂದೇ ಅಡುಗೆ. ಅತ್ತೆ, ಭಾವನ ಹೆಂಡತಿ, ಅವರ ಇಬ್ಬರು ಹುಡುಗರು, ನಾನು, ನನ್ನ ಮಗಳು. ಭಾವನ ಹೆಂಡತಿ ನನಗೆ ವಾರಗಿತ್ತಿಯಾದರೂ ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆ, ಮುಂಜಿ, ಮಣ್ಣು ಯಾವುದಕ್ಕೇ ಹೊರಟರೂ ಇಷ್ಟು ಜನ ಒಂದು ಕಾರಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಮೂರು ಸಾಲು ಸೀಟಿರುವ ಗಾಡಿಯೇ ಬೇಕು, ಹೊಸದು ಬೇಡ, ಯಾರಾದರೂ ಇಟ್ಟುಕೊಂಡು ಓಡಿಸಿದ್ದು ಸಿಕ್ಕರೆ ಸಾಕು ಎಂದು ಗಂಡಸರು ತೀರ್ಮಾನ ಮಾಡಿದರು.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯಿಸಿ ಮಾರುವವರೊಬ್ಬರು ಮಾವನಿಗೆ ಹಳೆಯ ಪರಿಚಯ. ಅವರ ಗಾಡಿ ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಅಲ್ಲಿಂದ ಮುಂದೆ ನಮ್ಮ ಮನೆಯ ಭಾನುವಾರಗಳೆಲ್ಲ ಆ ಗಾಡಿಗೇ ಮುಡಿಪಾದವು.

ಭಾವ, ನಮ್ಮ ಮನೆಯವರು ಬೆಳಿಗ್ಗೆ ತಿಂಡಿ ತಿಂದು ಮೊಳಕಾಲ್ಮುರಿಗೆ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಬಂದವರು ಕಾಲು ತೊಳೆಯುವ ಮೊದಲೇ ವರದಿ ಒಪ್ಪಿಸುತ್ತಿದ್ದರು. ಇಂಜಿನ್ ಸದ್ದು ಗಡಿಯಾರದಂಗೆ ಐತೆ. ಟೈರು ಇನ್ನೂ ಎರಡು ವರ್ಷಕ್ಕೆ ಮೋಸ ಇಲ್ಲ. ಟೇಪು ಹಾಕಿದರೆ ಬೀದಿಗೆಲ್ಲ ಕೇಳ್ತೈತೆ. ಮುಂದಿನ ಭಾನುವಾರ ಇಲ್ಲಿಂದ ಒಬ್ಬ ಮೆಕ್ಯಾನಿಕ್ ಹೋದ. ಅದರ ಮುಂದಿನ ವಾರ ಭಾವನ ಸ್ನೇಹಿತರು ಹೋಗಿ ಬಣ್ಣ ನೋಡಿ ಬಂದರು. ಕೆಲವರಿಗೆ ಬಿಳಿ ಬಣ್ಣವಾಗಿದ್ದರೆ ಚೆನ್ನಾಗಿರುತ್ತಿತ್ತು, ಕೆಲವರಿಗೆ ಬೂದು ಬಣ್ಣವೇ ಗಂಭೀರ. ಅದರ ಬಗ್ಗೆಯೇ ಒಂದು ವಾರ ಊಟದ ಹೊತ್ತಿಗೆ ವಾದ ನಡೆಯಿತು. ನಾನು, ಅಕ್ಕ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆವು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯವರಿಗೆ ಸಾರು ಬಡಿಸುತ್ತ ಕೇಳಿದೆ.

“ಹಿಂದಿನ ಸೀಟು ಹೆಂಗೈತ್ರಿ?”

“ಅದೇನು, ಹೊಸದಿದ್ದಂಗೇ ಐತೆ. ಒಂದು ಗೆರೆ ಬಿದ್ದಿಲ್ಲ.”

“ಕುಂತು ನೋಡಿದ್ರಾ?”

“ಕುಂತು ನೋಡಾದೇನೈತೆ ಅದರಾಗೆ? ಸೀಟು ಸೀಟೇ ಅಲ್ವಾ?”

ಭಾವ ನಕ್ಕರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಬಾಡಿಗೆ ಗಾಡಿಯಲ್ಲಿ ಹೋದಾಗಲೆಲ್ಲ ಹಿಂದಿನ ಸಾಲು ಯಾರ ಪಾಲಿಗೆ ಬರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಂದೆ ಮಾವ. ಮಧ್ಯದಲ್ಲಿ ಮಂಡಿನೋವಿನ ಅತ್ತೆ ಮತ್ತು ಗಂಡಸರು. ಹಿಂದೆ ನಾವಿಬ್ಬರು, ಮಕ್ಕಳು, ಹಣ್ಣಿನ ಬುಟ್ಟಿ, ನೀರಿನ ಕ್ಯಾನು. ಅಷ್ಟು ಭಾನುವಾರ ಹೋಗಿ ಬಂದವರಲ್ಲಿ ಒಬ್ಬರಿಗೂ ಅಲ್ಲಿ ಒಂದು ನಿಮಿಷ ಕೂತು ನೋಡಬೇಕು ಅನ್ನಿಸಿರಲಿಲ್ಲ.

ಕೊನೆಗೆ ಸೀರೆಯವರೇ ಬೇಸತ್ತರೋ ಏನೋ, ಒಂದು ಶನಿವಾರ ಸಂಜೆ ತಮ್ಮ ಡ್ರೈವರ್ ಕೈಯಲ್ಲಿ ಗಾಡಿಯನ್ನೇ ಕಳಿಸಿಕೊಟ್ಟರು. ನಾಳೆ ಮನೆಮಂದಿಯೆಲ್ಲ ಅದರಲ್ಲೇ ಮೊಳಕಾಲ್ಮುರಿಗೆ ಊಟಕ್ಕೆ ಬರಬೇಕು, ವಾಪಸ್ಸೂ ಅದರಲ್ಲೇ ಹೋಗಿ, ಆಮೇಲೆ ಬೇಕೋ ಬೇಡವೋ ಹೇಳಬೇಕು ಎಂದು ಸಂದೇಶ. ಡ್ರೈವರ್ ಕೀಲಿ ಕೊಟ್ಟು ಬಸ್ಸಿಗೆ ಹೊರಟುಹೋದ.

ಮರುದಿನ ಬೆಳಿಗ್ಗೆ ಭಾವ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ಇನ್ನೂ ಕೊಳ್ಳದ ಗಾಡಿಗೆ ಪೂಜೆ! ಹಿಂದಿನ ಸಾಲಿಗೆ ಹತ್ತಬೇಕಾದರೆ ಮಧ್ಯದ ಸೀಟನ್ನು ಮಡಚಬೇಕಿತ್ತು. ಸೀರೆ ಎತ್ತಿಕೊಂಡು, ಬಗ್ಗಿ, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಎಲ್ಲಿಡಬೇಕೆಂದು ಹುಡುಕುತ್ತ ನಾನು ಒಳಗೆ ಬಿದ್ದೆ ಎನ್ನುವುದೇ ಸರಿ. ನನ್ನ ಮೇಲೆ ಅಕ್ಕ. ಹುಡುಗರಿಬ್ಬರೂ ನಮ್ಮ ತೊಡೆಯ ಮೇಲೆ. ನನ್ನ ಮಗಳು ಮಧ್ಯದಲ್ಲಿ ಅಜ್ಜಿಯ ಪಕ್ಕ ನುಸುಳಿ ಬಚಾವಾದಳು. ನಮ್ಮ ಮುಂದಿನ ಸೀಟನ್ನು ಮತ್ತೆ ನಿಲ್ಲಿಸಿದಾಗ ನನ್ನ ಮೊಣಕಾಲು ಎದೆಗೆ ತಾಗಿತು.

“ಎಲ್ಲಾರೂ ಆರಾಮ ಕುಂತ್ರಾ?” ಎಂದು ಭಾವ ಸ್ಟೀರಿಂಗ್ ಹಿಡಿದು ಕೂಗಿದರು. ಉತ್ತರಕ್ಕೆ ಕಾಯಲಿಲ್ಲ. ಟೇಪು ಹಾಕಿದರು.

ಹಿಂದಿನ ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಸುಮ್ಮನೆ ನೋಡಲಿಕ್ಕೆ ಇಟ್ಟದ್ದು. ತಣ್ಣನೆ ಗಾಳಿ ಮುಂದಿನವರ ಮುಖಕ್ಕೆ ಬಡಿದು ಅಲ್ಲೇ ಮುಗಿಯುತ್ತಿತ್ತು. ಹಿಂಬಾಗಿಲಿನ ರಬ್ಬರು ಒಣಗಿ ಸೀಳುಬಿಟ್ಟಿದ್ದರಿಂದ ರಸ್ತೆಯ ಕೆಂಧೂಳು ನಮ್ಮ ಬೆನ್ನ ಹಿಂದಿನಿಂದ ಒಳಗೆ ಬಂದು ಕತ್ತಿನಲ್ಲಿ ಇಳಿಯುತ್ತಿತ್ತು. ನಡುದಾರಿಯ ತಳಕು ಊರು ದಾಟಿ ರಸ್ತೆ ಕಿತ್ತುಹೋದ ಕಡೆ ಬಂದಾಗ ಮುಂದಿನವರಿಗೆ ತೊಟ್ಟಿಲು ತೂಗಿದ ಹಾಗಾದರೆ ನಮಗೆ ನೆತ್ತಿ ಮೇಲಿನ ತಗಡಿಗೆ ಬಡಿಯುತ್ತಿತ್ತು. ಅಕ್ಕನ ಚಿಕ್ಕ ಹುಡುಗ ಹೊಟ್ಟೆ ತೊಳಸುತ್ತದೆ ಎಂದ. ಅವನ ಬಾಯಿಗೆ ನಿಂಬೆಹಣ್ಣು ಹಿಡಿದುಕೊಂಡು ನಾನು ಕೂಗಿದೆ.

“ಸ್ವಲ್ಪ ನಿಲ್ಸ್ರೀ!”

“ಏನು? ಸೌಂಡ್ ಜಾಸ್ತಿ ಮಾಡಿಸ್ಲಾ?” ಅಂದರು ನಮ್ಮ ಮನೆಯವರು, ಕತ್ತು ಕೂಡ ತಿರುಗಿಸದೆ.

ಹುಡುಗ ನನ್ನ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡ. ಆಗ ನಿಲ್ಲಿಸಿದರು. ಭಾವ ಓಡಿ ಬಂದು ಮೊದಲು ನೋಡಿದ್ದು ಸೀಟನ್ನು. ಅದಕ್ಕೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಮಗನ ಮುಖ ಒರೆಸಿದರು.

ಸೀರೆಯವರ ಮನೆಯಲ್ಲಿ ಸತ್ಕಾರಕ್ಕೆ ಕೊರತೆಯಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಕೂತು ಮತ್ತೆ ಇಂಜಿನ್ ಬಗ್ಗೆ ಮಾತಾಡತೊಡಗಿದರು. ಯಜಮಾನರ ಹೆಂಡತಿ ನನ್ನನ್ನು ಒಳಗೆ ಕರೆದೊಯ್ದು ಸೀರೆ ತೊಳೆದುಕೊಳ್ಳಲು ನೀರು ಕೊಟ್ಟು, ಉಡಲು ತಮ್ಮದೊಂದು ಸೀರೆ ಕೊಟ್ಟರು. ಮನೆಮಾತು ತೆಲುಗು, ನಮ್ಮೊಡನೆ ಕನ್ನಡ. “ಕೂರ್ಚೋಮ್ಮಾ, ಕೂತ್ಕೋ, ಮುಖ ಎಲ್ಲ ಬಾಡಿ ಹೋಗೈತೆ” ಎಂದು ಮಜ್ಜಿಗೆ ತಂದರು. ನಾನು ಹಿಂದಿನ ಸೀಟಿನ ಕಥೆ ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು.

“ಹಿಂದೆ ನಾವೆಲ್ಲಮ್ಮಾ ಕುಂತೀವಿ! ಸೀರೆ ಗಂಟು ಹಾಕ್ತಿದ್ವಿ ಅಷ್ಟೇ. ಒಂದೇ ಒಂದ್ಸಲ ನಮ್ಮತ್ತೆನ ಕೂರಿಸಿದ್ವಿ. ಬಳ್ಳಾರಿ ಮುಟ್ಟೋದ್ರೊಳಗೆ ವದ್ದು, ವದ್ದು, ನಂಗೆ ಬೇಡ ಅಂತ ಅತ್ತೇಬಿಟ್ರು. ಆಮೇಲಿಂದ ಅವರು ಗಾಡಿ ಕಡೆ ತಿರುಗಿ ನೋಡ್ಲಿಲ್ಲ.”

ಸೀಟಿನ ಮೇಲೆ ಒಂದು ಗೆರೆಯೂ ಬೀಳದ ಕಾರಣ ಗೊತ್ತಾಯಿತು. ನಗು ಬರಲಿಲ್ಲ, ಸಿಟ್ಟು ಬಂತು. ಇಷ್ಟು ವಾರ ಇದೇ ಮನೆಗೆ ಬಂದು ಕಾಫಿ ಕುಡಿದು ಹೋದವರು ಈ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಿಗೆ ಭಾವ ಮಧ್ಯದ ಸೀಟು ಮಡಚಿ ಹಿಡಿದು, “ಬೇಗ ಬೇಗ ಹತ್ತ್ರಮ್ಮ” ಎಂದರು. ನಾನು ಹತ್ತಲಿಲ್ಲ. ಅಕ್ಕ ನನ್ನ ತೋಳು ಚಿವುಟಿದರು. ನಾನು ಅವತ್ತಿನವರೆಗೆ ಮಾವನ ಎದುರು ನಿಂತು ನಾಲ್ಕು ಮಾತು ಕೂಡಿಸಿ ಆಡಿದವಳಲ್ಲ. ಆದರೂ ಹೇಳಿದೆ.

“ಮಾವ, ನೀವು ಶೇಂಗಾ ಕೊಳ್ಳಾವಾಗ ಚೀಲದ ಬಾಯಾಗಿನ ಕಾಯಿ ನೋಡಿ ಕೊಳ್ತೀರಾ, ತಳದ ತಂಕ ಕೈ ಹಾಕಿ ನೋಡ್ತೀರಾ?”

“ತಳ ನೋಡ್ದೆ ಯಾವನಮ್ಮಾ ಕೊಳ್ತಾನೆ?”

“ಹಂಗಾದ್ರೆ ಈ ಗಾಡಿ ತಳಾನೂ ಒಂದ್ಸಲ ನೋಡ್ಬಿಡ್ರಿ. ತಳಕಿನ ತಂಕ ನೀವು ಹಿಂದೆ ಕುಂತ್ಕಳ್ರಿ.”

ನಮ್ಮ ಮನೆಯವರು ನನ್ನನ್ನು ನುಂಗುವ ಹಾಗೆ ನೋಡಿದರು. “ಅಪ್ಪಾಜಿ ಹಿಂದೆ ಕುಂತ್ಕಳಾದಾ? ನೋಡಿದೋರು ಏನಂದಾರು?” ಅಂದರು ಭಾವ. ಅತ್ತೆಯಂತೂ, “ನಿನಗೇನು ತಲೆಗಿಲೆ ಕೆಟ್ಟೈತೇನೆ?” ಎಂದು ನನ್ನ ಮೇಲೆಯೇ ಬಂದರು. ಮಾವ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಹತ್ತಿಯೇಬಿಟ್ಟರು. ಹುಡುಗರಿಬ್ಬರೂ ಅವರ ಅಕ್ಕಪಕ್ಕ. ನಾವು ಮೂವರು ಹೆಂಗಸರು ಮಧ್ಯದಲ್ಲಿ, ಮಗಳು ನನ್ನ ತೊಡೆಯ ಮೇಲೆ, ನಮ್ಮ ಮನೆಯವರು ಮುಂದೆ ಭಾವನ ಪಕ್ಕ.

ಊರು ಬಿಡುವ ತನಕ ಹಿಂದಿನಿಂದ ಸದ್ದಿಲ್ಲ. ಗುಂಡಿ ರಸ್ತೆ ಬಂದ ಮೇಲೆ “ಹಾಂ” ಎಂಬ ದನಿ ಕೇಳಿತು. ಇನ್ನೊಂದು ಗುಂಡಿಗೆ “ಅಯ್ಯಪ್ಪ”. ಹುಡುಗರು ಕಿಸಿಕಿಸಿ ನಕ್ಕರು. ಮುಂದೆ ಟೇಪು ಹಾಡುತ್ತಲೇ ಇತ್ತು.

“ಲೇ, ನಿಲ್ಸಲೇ!” ಅಂದರು ಮಾವ.

ಭಾವ ಕನ್ನಡಿಯಲ್ಲಿ ನೋಡಿ ನಕ್ಕರು. “ಏನಪ್ಪಾಜಿ, ಪಿಕಪ್ಪು ಹೆಂಗೈತೆ?”

“ನಿನ್ ಪಿಕಪ್ಪಿಗಿಷ್ಟು! ನಿಲ್ಸಲೇ ಅಂದ್ರೆ!”

ನಾನೂ ಅಕ್ಕನೂ ಕೂಗಿದೆವು. ಅತ್ತೆ ಮುಂದೆ ಬಾಗಿ ಮಗನ ಭುಜ ಹಿಡಿದು ಅಲ್ಲಾಡಿಸಿದ ಮೇಲೆ ತಳಕಿನಲ್ಲಿ ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ನಿಂತರಾಯಿತೇ? ಮಂಡಿನೋವಿನ ಅತ್ತೆಯನ್ನು ಮೊದಲು ಇಳಿಸಬೇಕು, ನಾವಿಳಿಯಬೇಕು, ಆಮೇಲೆ ಸೀಟು ಮಡಚಬೇಕು. ಮಡಚುವ ಹಿಡಿ ಆಗಲೇ ಮೊಂಡು ಹಿಡಿಯಿತು. ಭಾವ, ನಮ್ಮ ಮನೆಯವರು ಇಬ್ಬರೂ ಸೇರಿ ಎಳೆದಾಡುತ್ತಿರುವಾಗ ಒಳಗಿನಿಂದ ಮಾವನ ಬೈಗುಳ ಒಂದೇ ಸಮನೆ ಬರುತ್ತಿತ್ತು. ಕಡೆಗೆ ಅವರು ಬೆನ್ನು ಮುಂದಾಗಿ, ಒಂದು ಕಾಲಿನಿಂದ ನೆಲ ತಡಕುತ್ತ ಈಚೆ ಬಂದರು. ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹುಬ್ಬಿನ ಮೇಲೂ ಧೂಳು. ಚಹಾದಂಗಡಿಯವನು ಕೇಳದೆಯೇ ಒಂದು ಚೊಂಬು ನೀರು ತಂದುಕೊಟ್ಟ.

ಮುಖ ತೊಳೆದು, ಚಹಾ ಕುಡಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮಾವ ಹೇಳಿದರು. “ಇದರಾಗೆ ಚೀಲ ಹಾಕಬೌದು. ಮನುಷ್ಯರನ್ನ ಹಾಕಾಕಾಗಲ್ಲ.”

ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಅದು ಆರುವಷ್ಟರಲ್ಲಿ ಮಾವ ನಡೆದುಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದರು. ನಮ್ಮ ಮನೆಯವರು ಅತ್ತೆಯ ಪಕ್ಕ ಮಧ್ಯದಲ್ಲಿ ಕೂರಲು ಸಿದ್ಧರಾಗಿ, ಮಡಚಿದ ಸೀಟನ್ನು ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಮನುಷ್ಯರನ್ನು ಹಾಕಲಾಗದ ಆ ಜಾಗಕ್ಕೆ ಅಕ್ಕ, ನಾನು ಮತ್ತೆ ಬಗ್ಗಿ ಹತ್ತಿದೆವು. ಚಳ್ಳಕೆರೆ ಬರುವವರೆಗೆ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಗುಂಡಿಗಳಿಗಾಗಿ ಅಲ್ಲ.

ಗಾಡಿ ಮರುದಿನವೇ ಮೊಳಕಾಲ್ಮುರಿಗೆ ವಾಪಸ್ಸು ಹೋಯಿತು. ಸೀರೆಯವರು ಬೇಸರ ಮಾಡಿಕೊಳ್ಳಲಿಲ್ಲ, ಅದನ್ನು ಸರಕು ಸಾಗಿಸುವವರಾರಿಗೋ ಮಾರಿದರೆಂದು ಆಮೇಲೆ ಕೇಳಿದೆ. ಬೇಸರ ಮಾಡಿಕೊಂಡದ್ದು ನಮ್ಮ ಭಾವ. ಎಷ್ಟೋ ದಿನ ನನ್ನೊಡನೆ ಮಾತಿಲ್ಲ. ನೀರು ಬೇಕಾದರೂ ಅಕ್ಕನನ್ನು ಕೂಗಿ, “ನಿನ್ ತಂಗಿಗೆ ನೀರು ತರಾಕೆ ಹೇಳು” ಅನ್ನುತ್ತಿದ್ದರು, ನಾನು ಎದುರಿಗೇ ನಿಂತಿದ್ದರೂ. ನಮ್ಮ ಮನೆಯವರು ಬೇರೆ ಥರ. “ಅಷ್ಟು ಜನರ ಎದುರಿಗೆ ಹೇಳಾದಾ?” ಎಂದು ಒಂದು ಸಲ ಕೇಳಿದರು. “ಮನೆಯಾಗೇ ಕೇಳಿದ್ದೆನಲ್ಲ, ಸೀಟು ಸೀಟೇ ಅಂದ್ರಿ” ಅಂದೆ.

ಮಳೆಗಾಲ ಕಳೆದ ಮೇಲೆ ಚಿತ್ರದುರ್ಗದಲ್ಲಿ ಇನ್ನೊಂದು ಗಾಡಿ ಇದೆಯೆಂದು ಗೊತ್ತಾಯಿತು. ಈ ಸಲ ಮಾವ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ, “ನೀನೂ ಹೊರಡಮ್ಮ” ಎಂದು ನನ್ನನ್ನು ಕರೆದರು. ಅಲ್ಲಿಗೆ ಹೋದ ಮೇಲೆ ಭಾವ ಬಾನೆಟ್ಟಿನ ಕಡೆ ಹೊರಟರೆ ನಾನು ಹಿಂದಕ್ಕೆ ಹೋಗಿ ಕೂತೆ. ಕಿಟಕಿ ತೆರೆಯುತ್ತಿತ್ತು. ಮೊಣಕಾಲು ಮೊಣಕಾಲಿನ ಜಾಗದಲ್ಲೇ ಇತ್ತು. ಹಣ್ಣಿನ ಬುಟ್ಟಿ ಇಡುವಷ್ಟು ಜಾಗ ಕಾಲ ಬಳಿ ಉಳಿದಿತ್ತು. ಒಂದು ಸುತ್ತು ಓಡಿಸಿ ನೋಡಿ, ಅದನ್ನೇ ಕೊಂಡರು. ಬಣ್ಣ ಯಾರಿಗೂ ಹಿಡಿಸದ ಕಂದು.

ಮೊದಲ ಪ್ರಯಾಣ ನನ್ನಿವಾಳಕ್ಕೆ, ಅಕ್ಕನ ತವರಿನಲ್ಲಿ ನಾಮಕರಣ. ಅವತ್ತು ನಮ್ಮ ಮನೆಯವರು ಓಡಿಸುವುದೆಂದು ಆಗಿತ್ತು, ಮುಂದೆ ಅವರ ಪಕ್ಕ ಮಾವ. ನಾನು ಎಲ್ಲರಿಗಿಂತ ಮೊದಲು ಹೋಗಿ ಮಧ್ಯದ ಸಾಲಿನಲ್ಲಿ ಕಿಟಕಿ ಪಕ್ಕ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು, ಅವರ ಪಕ್ಕ ಅಕ್ಕ. ಮಕ್ಕಳು ಹಿಂದೆ ಹತ್ತಿ ಗದ್ದಲ ಎಬ್ಬಿಸಿದ್ದವು. ಭಾವ ಬಾಗಿಲ ಬಳಿ ಬಂದು ನಿಂತರು. ನಾನು ಏಳಬಹುದೆಂದು ಕಾದರು. ಗಂಟಲು ಸರಿ ಮಾಡಿಕೊಂಡರು. ನಾನು ಹೊರಗೆ ಮಿಲ್ಲಿನ ಗೋಡೆ ನೋಡುತ್ತ ಕೂತೆ.

ಬಾಯಿ ಬಿಟ್ಟವರು ಅತ್ತೆ. “ಹಿಂದೆ ಬರೇ ಮಕ್ಕಳೇ ಅದಾವೆ. ನೀನು ಹೋಗಿ ಕುಂತ್ಕಳಪ್ಪ.”

ಭಾವ ಹೋದರು. ನನ್ನಿವಾಳದಲ್ಲಿ ಇಳಿದು, ಬೆನ್ನು ನೆಟ್ಟಗೆ ಮಾಡಿ, ಯಾರಿಗೂ ಅಲ್ಲದ ಹಾಗೆ ಅಂದರು. “ಪರವಾಗಿಲ್ಲ, ಹಿಂದೂ ಚೆನ್ನಾಗೇ ಐತೆ.”

“ಹಂಗಾರೆ ಬರಾವಾಗ್ಲೂ ಅಲ್ಲೇ ಕುಂತ್ಕಳ್ರಿ” ಎಂದು ಥಟ್ಟನೆ ಅಂದವರು ಅಕ್ಕ. ಅಂದವರೇ ಹಣ್ಣಿನ ಬುಟ್ಟಿ ಎತ್ತಿಕೊಂಡು, ಗಂಡನ ಮುಖ ನೋಡದೆ, ಬಿರಬಿರನೆ ತವರಿನ ಬಾಗಿಲ ಕಡೆ ನಡೆದರು.