ಲೊರೇನಳ ಕೊನೆಯ ಪೀಪಾಯಿ

ಲೊರೇನ್ ಯೆಲ್ಯಂಡಳ ಕಥೆ ಹೇಳುವುದಾದರೆ ಅವಳ ಬಲಭುಜದಿಂದಲೇ ಶುರು ಮಾಡಬೇಕು. ಮುಖ ಆಮೇಲೆ ಬಂದರೂ ನಡೆಯುತ್ತದೆ. ಡೆವನ್ ಸೀಮೆಯ ಆ ಸಣ್ಣ ಊರಿನ ಮಾಂಸದಂಗಡಿಯಲ್ಲಿ ಅರ್ಧ ಆಯುಷ್ಯ ಕುರಿ ಹೊತ್ತದ್ದು ಆ ಭುಜ. ಹೆತ್ತ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಹೊಳೆದಂಡೆ ಸುತ್ತಿಸಿದ್ದು ಆ ಭುಜ. ಗಂಡ ರಾಯ್ ಪಬ್ಬಿನಿಂದ ತೂರಾಡಿಕೊಂಡು ಬಂದ ರಾತ್ರಿಗಳಲ್ಲಿ ಅವನನ್ನು ಮಹಡಿ ಹತ್ತಿಸಿದ್ದೂ ಅದೇ. ಆದರೆ ಊರಿನವರ ಕಣ್ಣಿಗೆ ಇವೆಲ್ಲ ಚಿಲ್ಲರೆ ಕೆಲಸ. ಭುಜ ಅಂತ ಇರುವುದೇ ನವೆಂಬರ್ ಐದರ ಬೆಂಕಿಹಬ್ಬಕ್ಕೆ.

ಆ ದಿನ ಊರಲ್ಲಿ ಎರಡು ಬೆಂಕಿ. ಒಂದು ಹೊಳೆ ಪಕ್ಕದ ಬಯಲಿನಲ್ಲಿ ಮನೆಯೆತ್ತರ ಒಟ್ಟಿದ ಸೌದೆಯದು. ಅದು ನಿಂತಲ್ಲೇ ಉರಿಯುತ್ತದೆ, ಯಾರು ಬೇಕಾದರೂ ಹೋಗಿ ಕೈ ಕಾಯಿಸಿಕೊಳ್ಳಬಹುದು. ಇನ್ನೊಂದು ಓಡಾಡುವ ಬೆಂಕಿ. ಒಳಮೈಗೆಲ್ಲ ಡಾಂಬರು ಮೆತ್ತಿದ ಮರದ ಪೀಪಾಯಿಗೆ ಹುಲ್ಲು ತುರುಕಿ ಕಿಚ್ಚಿಟ್ಟು, ಅದು ಬುಸುಗುಟ್ಟುವವರೆಗೆ ನೆಲದ ಮೇಲೆ ಹೊರಳಾಡಿಸಿ, ಎತ್ತಿ ಹೆಗಲ ಮೇಲೆ ಹೇರಿಕೊಂಡು ಜನರ ನಡುವೆಯೇ ಓಡುವುದು. ಜನ ಕಿರುಚುತ್ತಾ ಸೀಳಿ ದಾರಿ ಬಿಡುತ್ತಾರೆ, ಪೀಪಾಯಿ ದಾಟಿದ ಕೂಡಲೇ ಮತ್ತೆ ಕೂಡಿಕೊಳ್ಳುತ್ತಾರೆ. ಗಂಡಸರ ದೊಡ್ಡ ಪೀಪಾಯಿಗಳು ರಾತ್ರಿಯೇರಿದ ಮೇಲೆ. ಹೆಂಗಸರದ್ದು ಕತ್ತಲು ಇಳಿಯುತ್ತಿದ್ದಂತೆಯೇ, ಚೌಕದ ಪಬ್ಬಿನ ಎದುರಿನಿಂದ.

ಹೊರುವ ಹಕ್ಕು ಊರಲ್ಲಿ ಹುಟ್ಟಿ ಬೆಳೆದವರಿಗೆ. ರಾಯ್ ಗುಡ್ಡದಾಚೆಯ ಹಳ್ಳಿಯವನು. ಲೊರೇನಳನ್ನು ಮದುವೆಯಾಗಿ ಇಲ್ಲಿಯೇ ತಲೆ ನೆರೆಸಿಕೊಂಡರೂ ಅವನು ಪಬ್ಬಿನ ಮಹಡಿಯ ಕಿಟಕಿಯಲ್ಲಿ ನಿಂತು ಸಾಸೇಜು ತಿನ್ನುತ್ತಾ ನೋಡುವವನೇ.

"ಇನ್ನೊಂದೈವತ್ತು ವರ್ಷ ತಡ್ಕೋ ರಾಯ್, ನಿನ್ನನ್ನೂ ಸೇರಿಸ್ಕೋತೀವಿ" ಎಂದು ಪಬ್ಬಿನವರು ಪ್ರತಿವರ್ಷ ಹೇಳುತ್ತಾರೆ. ಅವನು ಪ್ರತಿವರ್ಷ ನಗುತ್ತಾನೆ.

ಲೊರೇನ್ ಲಂಗ ಮೊಣಕಾಲಿಗೆ ಬರುತ್ತಿದ್ದ ವಯಸ್ಸಿಗೇ ಮಕ್ಕಳ ಪೀಪಾಯಿ ಹೊತ್ತವಳು. ಆಲೂಗಡ್ಡೆ ಮೂಟೆಯ ಗೋಣಿತಾಟನ್ನು ಪದರ ಪದರ ಮಡಿಸಿ, ದಬ್ಬಣದಲ್ಲಿ ಹೊಲಿದು, ಕೈಗವಸು ಮಾಡಿಕೊಟ್ಟವಳು ಅಜ್ಜಿ. ಆಗ ಅಜ್ಜಿ ಹೇಳಿದ್ದು ಎರಡೇ ಮಾತು. ಗವಸು ಚೆನ್ನಾಗಿ ನೆನೆದಿರಲಿ. ಹೊತ್ತವಳು ಬಗ್ಗುವವರೆಗೆ ಪೀಪಾಯಿಗೆ ಕೈ ಹಾಕಬೇಡ.

ಎರಡನೆಯದು ಊರಿಗೆ ಊರೇ ಪಾಲಿಸುವ ಕಟ್ಟಳೆ. ಹೊತ್ತವಳು ತನಗೆ ಸಾಕೆನಿಸಿದಾಗ ತಾನಾಗಿ ಬಗ್ಗಿ ಹೆಗಲು ಇಳಿಸಬೇಕು. ಆಗ ಪಕ್ಕದಲ್ಲಿ ಓಡುತ್ತಿರುವವಳು ತಗ್ಗಿ ತೆಗೆದುಕೊಳ್ಳಬೇಕು. ಅದಕ್ಕೆ ಮೊದಲೇ ಕಿತ್ತುಕೊಂಡರೆ 'ಇನ್ನು ನಿನ್ನಿಂದಾಗದು' ಎಂದು ನಾಲ್ಕು ಜನರ ಮುಂದೆ ಡಂಗುರ ಹೊಡೆದ ಹಾಗೆ. ಹಾಗೆ ಕಿತ್ತುಕೊಂಡು, ಸಾಯುವವರೆಗೆ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಊರಲ್ಲಿದ್ದರು.

ಆ ವರ್ಷ ಬೇಸಿಗೆಯಲ್ಲಿ ಲೊರೇನಳ ಭುಜ ಕೈಕೊಟ್ಟಿತು. ಒಳಗಿನ ಸ್ನಾಯು ಹರಿದಿದೆ, ಜನವರಿಯಲ್ಲಿ ಕೊಯ್ದು ಹೊಲಿಯೋಣ, ಆಮೇಲೆ ಜನ್ಮದಲ್ಲಿ ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು. ಅವಳನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದದ್ದು ಡೆನೀಸ್. ಊರ ಮನೆಮನೆಗೆ ಟಪಾಲು ಹಂಚುವವಳು, ಶಾಲೆಯಲ್ಲಿ ಒಂದೇ ಬೆಂಚಿನವಳು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಲೊರೇನ್ ಬಾಯಿ ತೆರೆದಳು.

"ಹಬ್ಬ ಮುಗಿಯೋವರ್ಗೂ ಯಾರ ಹತ್ರಾನೂ ಬಾಯ್ಬಿಡ್ಬೇಡ ಕಣೇ. ಇದೊಂದ್ಸಲ ಹೊರ್ತೀನಿ. ನಂಗೆ ಸಾಕು ಅನ್ನಿಸಿದಾಗ ನಾನಾಗಿ ಕೊಡ್ಬೇಕು. ಅಷ್ಟಾದ್ರೆ ಆಮೇಲೆ ಏನ್ ಬೇಕಾದ್ರೂ ಕೊಯ್ಕೊಳ್ಳಲಿ."

"ಬಾಯ್ಬಿಡಲ್ಲ" ಎಂದಳು ಡೆನೀಸ್. ಆ ಮಾತನ್ನು ಅವಳು ಉಳಿಸಿಕೊಂಡಳು. ತಪ್ಪಿದ್ದು ಬೇರೆ ಕಡೆ.

ಹಬ್ಬದ ಸಂಜೆ ಎಂದಿನಂತೆ ಬೆವ್‌ಳ ಅಡುಗೆಮನೆಯಲ್ಲಿ ಸೇರಿದರು. ಬೆವ್ ಮೂವರು ಗೆಳತಿಯರಲ್ಲಿ ಮೂರನೆಯವಳು, ಮನೆಯ ಮುಂಭಾಗದಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಉಬ್ಬಸದ ಎದೆಯವಳಾದ್ದರಿಂದ ಪೀಪಾಯಿ ಹೊರುವವಳಲ್ಲ. ಗವಸಿನ ದಾರ ಕಟ್ಟುವವಳು. ಒಂದು ಕೈಗೆ ಗವಸು ಏರಿದ ಮೇಲೆ ಇನ್ನೊಂದರ ದಾರವನ್ನು ತಾನೇ ಕಟ್ಟಿಕೊಳ್ಳಲು ಯಾರಿಂದಲೂ ಆಗದು, ಅದಕ್ಕೆ ಇನ್ನೊಬ್ಬರು ಬೇಕೇ ಬೇಕು. ಮೂಲೆಯ ಬಕೆಟ್ಟಿನಲ್ಲಿ ನಾಲ್ಕು ಗವಸು ನೆನೆಯುತ್ತಿದ್ದವು. ಸಿಪ್ಪೆಸಮೇತ ಸುಟ್ಟ ಆಲೂಗಡ್ಡೆಯನ್ನು ಸೀಳಿ ಬೆಣ್ಣೆ ಹಾಕಿಕೊಂಡು ಮೂವರೂ ನಿಂತೇ ತಿಂದರು.

"ಕೂದ್ಲು ಒಳಗೆ ಸೇರಿಸ್ಕೊಳ್ರೇ" ಎಂದಳು ಬೆವ್. "ಸುಟ್ಕೊಂಡ್ ಬಂದ್ರೆ ನಾಳೆ ನನ್ನ ಹತ್ರಾನೇ ಬರ್ಬೇಕು. ಗೆಳತಿ ಅಂತ ರಿಯಾಯ್ತಿ ಇಲ್ಲ."

"ನಿನ್ನ ಕತ್ತರಿಗಿಂತ ಬೆಂಕೀನೇ ನೀಟಾಗಿ ಕತ್ತರ್ಸತ್ತೆ" ಎಂದಳು ಲೊರೇನ್.

ಡೆನೀಸ್ ಮಾತ್ರ ನಗಲಿಲ್ಲ. ಲೊರೇನ್ ಗೋಡೆ ಕಡೆ ತಿರುಗಿ ನೋವಿನ ಗುಳಿಗೆ ನುಂಗಿದ್ದನ್ನು ಅವಳು ನೋಡಿದ್ದಳು.

ಚೌಕದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ದೂರದ ಊರುಗಳಿಂದ ಬಸ್ಸು ತುಂಬಿಕೊಂಡು ಬಂದವರು ಫೋನುಗಳನ್ನು ತಲೆಯ ಮೇಲೆ ಹಿಡಿದು ನಿಂತಿದ್ದರು. ಪಬ್ಬಿನ ಎದುರು ಪೀಪಾಯಿ ಹೊಗೆಯುಗುಳಿತು, ಗೊರಗೊರ ಎಂದಿತು, ಆಮೇಲೆ ಒಮ್ಮೆಲೇ ನಾಲಗೆ ಚಾಚಿತು. ಮೊದಲು ಹರೆಯದ ಹುಡುಗಿಯರು ಹೊತ್ತರು. ಎರಡು ಸುತ್ತು ಮುಗಿದ ಮೇಲೆ ಒಬ್ಬಳು ಲೊರೇನಳೆದುರು ಬಗ್ಗಿದಳು. ಲೊರೇನ್ ತಗ್ಗಿ, ಹೆಗಲು ಕೊಟ್ಟು, ಎದ್ದಳು.

ಕಿವಿಯ ಪಕ್ಕದಲ್ಲಿ ಬೆಂಕಿ ಗಾಳಿಯಂತೆ ಬೀಸಿತು. ಜನ ಎರಡಾಗಿ ಒಡೆದು ದಾರಿಯಾದರು. ಭುಜದೊಳಗೆ ಯಾರೋ ಮೊಳೆ ಹೊಡೆದಂತಾಯಿತು. ಅವಳು ಹಲ್ಲು ಕಚ್ಚಿ ಓಡಿದಳು. ಔಷಧಿ ಅಂಗಡಿಯ ಹತ್ತಿರ ಬಲಗಾಲು ಒಮ್ಮೆ ಸೊಟ್ಟಗೆ ಬಿತ್ತು. ಬಿದ್ದದ್ದು ಒಂದೇ ಹೆಜ್ಜೆ, ಮುಂದಿನ ಹೆಜ್ಜೆಗೆ ಅವಳು ಸರಿಯಾಗುತ್ತಿದ್ದಳು. ಆದರೆ ಪಕ್ಕದಲ್ಲಿ ಓಡುತ್ತಿದ್ದ ಡೆನೀಸ್ ಆ ಒಂದು ಹೆಜ್ಜೆಯನ್ನು ನೋಡಿದಳು. ಮರುಕ್ಷಣ ಅವಳ ಹೆಗಲು ಪೀಪಾಯಿಯ ಅಡಿಗೆ ನುಗ್ಗಿತ್ತು, ಪೀಪಾಯಿ ಲೊರೇನಳ ಮೈಯಿಂದ ಕಳಚಿ ಮುಂದೆ ಹೋಗಿಬಿಟ್ಟಿತ್ತು.

ಜನ ಕೂಡಿಕೊಂಡರು. ಲೊರೇನ್ ಅವರ ನಡುವೆ ಬರಿಹೆಗಲಲ್ಲಿ ನಿಂತಳು.

"ಅಲ್ಲಾ, ಲೊರೇನ್ ಬಗ್ಗಲೇ ಇಲ್ವಲ್ಲ!" ಎಂದು ಹಿಂದೆ ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು.

ಅವಳು ಪಬ್ಬಿನ ಗೋಡೆ ಪಕ್ಕ ನಿಂತಿದ್ದ ಬೆವ್‌ಳ ಬಳಿಗೆ ಬಂದು, ದಾರವನ್ನು ಹಲ್ಲಿನಲ್ಲಿ ಎಳೆದು ಬಿಚ್ಚಿ, ಗವಸು ಎರಡನ್ನೂ ನೆಲಕ್ಕೆ ಬಡಿದಳು.

"ಏನಾಯ್ತೇ?"

"ಕಿತ್ಕೊಂಡ್ಲು. ನಿನ್ನ ಗೆಳತಿ."

"ನನ್ನ ಗೆಳತಿ ಯಾವಾಗ ಆದ್ಲು? ಆಲೂಗಡ್ಡೆ ತಿನ್ನೋವಾಗ ನಿನ್ನೋಳೇ ಆಗಿದ್ಲಲ್ಲ?"

ಅಷ್ಟರಲ್ಲಿ ಚರ್ಚಿನ ತಿರುವಿನಿಂದ ಕೂಗು ಎದ್ದಿತು. ಪೀಪಾಯಿ ವಾಪಸು ಬರುತ್ತಿತ್ತು. ಹೊತ್ತವಳು ಇನ್ನೂ ಡೆನೀಸಳೇ. ಪಕ್ಕದಲ್ಲಿ ಓಡುತ್ತಿದ್ದ ಹುಡುಗಿಯರು "ಕೊಡಿ ಆಂಟಿ, ಸಾಕು ಕೊಡಿ" ಎಂದು ಅಂಗಲಾಚುತ್ತಿದ್ದರು. ಅಷ್ಟು ಹೊತ್ತು ಒಬ್ಬಳೇ ಹೊರುವುದೂ ಮರ್ಯಾದೆಯಲ್ಲ, ಅದು ಹೊಟ್ಟೆಬಾಕತನ. ಡೆನೀಸ್ ಯಾರ ಮಾತನ್ನೂ ಕೇಳಿಸಿಕೊಳ್ಳದೆ ನೇರ ಗೋಡೆಯವರೆಗೆ ಬಂದು, ಲೊರೇನಳ ಎದುರು ನಿಂತು, ಬಗ್ಗಿದಳು.

ಲೊರೇನಳ ಕೈ ಬರಿದಾಗಿತ್ತು.

"ಗವಸು!" ಎಂದಳು ಬೆವ್, ಮತ್ತು ಮೊಣಕಾಲೂರಿ ಜನರ ಕಾಲಸಂದಿಯಲ್ಲಿ ತಡಕಾಡತೊಡಗಿದಳು. "ಕಾಲೆತ್ರೀ! ನಿಮ್ಮನ್ನೇ ಸ್ವಾಮಿ, ಬೂಟು ಎತ್ರೀ!"

ಡೆನೀಸಳ ಮುಖ ಕೆಂಡದಂತಾಗಿತ್ತು. ಹಣೆಯ ಬಳಿ ಏನೋ ಸೀದ ವಾಸನೆ.

"ಬೇರೆಯವ್ರಿಗೆ ಕೊಡೇ ಹುಚ್ಚಿ, ಸುಡ್ತಾ ಇದೀಯ!" ಎಂದು ಕಿರುಚಿದಳು ಲೊರೇನ್.

"ಕೊಡಲ್ಲ. ನೀನೇ ತಗೋ."

"ಸತ್ತೋಗ್ತೀಯ ಕಣೇ!"

"ಹಂಗಾದ್ರೆ ಬೇಗ ಕಟ್ಟಿಸ್ಕೋ!"

ಮಣ್ಣು ಮೆತ್ತಿದ ಗವಸು ಸಿಕ್ಕವು. ಇನ್ನೂ ಒದ್ದೆಯಾಗಿಯೇ ಇದ್ದವು. ಬೆವ್ ಕೆಮ್ಮುತ್ತಾ ದಾರ ಬಿಗಿದಳು. ಲೊರೇನ್ ತಗ್ಗಿದಳು.

ಈ ಸಲ ಅವಳು ಓಡಲಿಲ್ಲ, ನಡೆದಳು. ಹೆಂಗಸರ ಪೀಪಾಯಿ ನಡೆಯುವುದನ್ನು ಆ ಊರು ನೋಡಿರಲಿಲ್ಲ. ಜನ ಕಿರುಚುವುದನ್ನೂ ಮರೆತು ಹಿಂದೆ ಸರಿದರು. ಮೇಲುಗಡೆ ಕಿಟಕಿಯಲ್ಲಿ ರಾಯ್ ಕಚ್ಚಿದ ಸಾಸೇಜನ್ನು ಬಾಯಲ್ಲೇ ಇಟ್ಟುಕೊಂಡಿದ್ದ. ಪಬ್ಬಿನಿಂದ ರೊಟ್ಟಿ ಅಂಗಡಿಯ ಬಾಗಿಲವರೆಗೆ ಎಷ್ಟು ದೂರ, ಒಂದು ಹಾಡಿನ ಪಲ್ಲವಿ ಮುಗಿಯುವುದರೊಳಗೆ ದಾಟಬಹುದು. ಆ ಬಾಗಿಲಲ್ಲಿ ಲೊರೇನ್ ನಿಂತಳು. ಪಕ್ಕದ ಹುಡುಗಿಯರು ಕೈ ಕಟ್ಟಿದವರಂತೆ ಕಾದರು, ಒಬ್ಬಳೂ ಮುಟ್ಟಲಿಲ್ಲ. ಅವಳು ಎರಡು ಉಸಿರು ಎಳೆದು, ತಾನಾಗಿ ಬಗ್ಗಿದಳು. ಅಂಗಡಿಯವರ ಮಗಳು ತೆಗೆದುಕೊಂಡು ಓಡಿದಳು. ಮುಗಿಯಿತು.

ಆಮೇಲೆ ಮೂವರೂ ಹೊಳೆ ಬಯಲಿಗೆ ಹೋಗಿ ದೊಡ್ಡ ಬೆಂಕಿಯ ಮುಂದೆ ನಿಂತರು, ಕೈಯಲ್ಲಿ ಬಿಸಿ ಮಾಡಿದ ಸೇಬಿನ ಮದ್ಯ. ಲೊರೇನಳ ಬಲಗೈ ಜೋತುಬಿದ್ದಿತ್ತು. ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು. ಬೆಳಕಿನಲ್ಲಿ ಅವಳು ಡೆನೀಸಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಒಂದು ಹುಬ್ಬು ಎಲ್ಲೇ?"

"ನಿನ್ನ ಕಾಯ್ತಾ ಇದ್ದಾಗ ಹೋಯ್ತು."

"ನಾಳೆ ಬಾ, ಪೆನ್ಸಿಲಲ್ಲಿ ಬರೆದು ಕೊಡ್ತೀನಿ" ಎಂದಳು ಬೆವ್. "ರಿಯಾಯ್ತಿ ಇಲ್ಲ."

"ಇನ್ನೊಂದ್ಸಲ ಹಂಗೆ ಕೈ ಹಾಕಿದ್ರೆ ನೋಡು" ಎಂದಳು ಲೊರೇನ್.

"ಇನ್ನೊಂದ್ಸಲ ಎಲ್ಲಿದೆಯೇ" ಎಂದಳು ಡೆನೀಸ್. ಅಂದ ಮೇಲೆ ಲೋಟದೊಳಗೆ ನೋಡಿದಳು.

ಏನೆಂದು ಕೇಳಿದ ಬೆವ್‌ಗೆ ಆಗ ಲೊರೇನಳೇ ಭುಜದ ವಿಷಯ ಹೇಳಿದಳು. ಬೆವ್ ಇಬ್ಬರನ್ನೂ ಚೆನ್ನಾಗಿ ಬೈದಳು, ಉಬ್ಬಸ ಬಂದು ನಿಲ್ಲಿಸಿದಳು.

ಜನವರಿಯಲ್ಲಿ ಭುಜ ಕೊಯ್ದು ಹೊಲಿದರು. ಈಗ ಅದು ಹಾಲಿನ ಡಬ್ಬ ಎತ್ತುತ್ತದೆ, ಅಷ್ಟೇ. ಮಾಂಸದಂಗಡಿಯಲ್ಲಿ ಲೊರೇನ್ ತೂಕದ ಕಡೆ ಕೂರುತ್ತಾಳೆ, ಹೊರುವುದಕ್ಕೆ ಬೇರೆಯವರಿದ್ದಾರೆ. ನವೆಂಬರಿನಲ್ಲಿ ಪಬ್ಬಿನ ಗೋಡೆ ಪಕ್ಕ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕುಳಿತು ಗವಸಿನ ದಾರ ಕಟ್ಟುವುದು ಅವಳ ಪಾಲಿಗೆ ಬಂದಿದೆ. ಬೆವ್ ಪಕ್ಕದಲ್ಲಿ ನಿಂತು ಹರಟುತ್ತಾಳೆ. ಕೈ ಚಾಚಿದ ಒಬ್ಬೊಬ್ಬ ಹುಡುಗಿಗೂ ಲೊರೇನ್ ಅಜ್ಜಿಯ ಎರಡು ಮಾತುಗಳನ್ನು ಮೆಲ್ಲಗೆ ಹೇಳುತ್ತಾಳೆ. ಡೆನೀಸ್ ಬಂದು ಕೈ ಚಾಚಿದಾಗ ಮಾತ್ರ ಮೊದಲನೆಯದನ್ನು ಬಿಟ್ಟು ಎರಡನೆಯದೊಂದನ್ನೇ ಹೇಳುತ್ತಾಳೆ, ಹೊಳೆ ಬಯಲಿಗೆ ಕೇಳಿಸುವಷ್ಟು ಜೋರಾಗಿ, ದಾರವನ್ನು ಒಂದು ಸುತ್ತು ಹೆಚ್ಚಿಗೆ ಬಿಗಿದು.